ಏರಿದಷ್ಟೂ ಗಾಳಿ ಕಡಿಮೆ, ಹೊರೆ ಮಾತ್ರ ಅಷ್ಟೇ

ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿಯಲ್ಲಿ ಸರ್ಚು ದಾಟಿದ ಮೇಲೆ ಗಾಟಾ ಲೂಪ್ಸ್ ಎಂಬ ಏರು ಸಿಗುತ್ತದೆ. ಒಂದೇ ಗುಡ್ಡದ ಮೈಮೇಲೆ ಒಂದರ ತಲೆಯ ಮೇಲೊಂದರಂತೆ 21 ಹೇರ್‌ಪಿನ್ ತಿರುವುಗಳು. ಸುಮಾರು 4,200 ಮೀಟರ್ ಎತ್ತರದಲ್ಲಿ ಶುರುವಾಗುವ ಈ ಏರು ಮುಗಿಯುವ ಹೊತ್ತಿಗೆ 4,600 ಮೀಟರ್ ದಾಟಿರುತ್ತದೆ. ಬೇಸಿಗೆಯಲ್ಲಿ ದಾರಿ ತೆರೆದಾಗ ತರಕಾರಿ, ಸಿಮೆಂಟು, ಕಬ್ಬಿಣದ ಸರಳು ಹೇರಿಕೊಂಡ ಪಿಕಪ್‌ಗಳು ಇಲ್ಲಿ ಫಸ್ಟ್ ಗೇರಿನಲ್ಲಿ ತೆವಳುತ್ತಾ ಹತ್ತುತ್ತವೆ. ತಿರುವಿನಲ್ಲಿ ಎದುರಿನಿಂದ ಲಾರಿ ಬಂದು ಬ್ರೇಕ್ ಹಾಕಬೇಕಾಯಿತೋ, ಮತ್ತೆ ಗಾಡಿ ಕದಲಿಸುವುದೇ ಒಂದು ಸಾಹಸ. ಆಕ್ಸಿಲರೇಟರ್ ಪೂರ್ತಿ ತುಳಿದರೂ ಎಂಜಿನ್ ಗೊರಗೊರ ಎನ್ನುತ್ತದೆಯೇ ಹೊರತು ಚಕ್ರ ತಿರುಗುವುದಿಲ್ಲ. ಕ್ಲೀನರ್ ಹುಡುಗ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಹಿಂದಿನ ಗಾಡಿಯವರಿಗೂ ಬರುತ್ತದೆ.

'ಗಾಡಿ ಎಳೀತಿಲ್ಲ' ಎಂದಾಗ ಮೊದಲ ಅನುಮಾನ ಬೀಳುವುದು ಡೀಸೆಲ್ ಮೇಲೆ. ಆಮೇಲೆ ಇಂಜೆಕ್ಟರ್, ಟರ್ಬೊ, ಕೊನೆಗೆ ಡ್ರೈವರ್. ವಾಪಸು ಬರುವಾಗ ಅದೇ ಗಾಡಿ ಖಾಲಿಯಾಗಿ ಅಂಥದ್ದೇ ಏರನ್ನು ಸಲೀಸಾಗಿ ಹತ್ತಿಬಿಟ್ಟರೆ, 'ಲೋಡು ಎಂಜಿನ್ನಿನ ಶಕ್ತಿ ತಿಂದುಹಾಕಿತು' ಎಂಬ ತೀರ್ಮಾನಕ್ಕೆ ಬರುತ್ತೇವೆ. ಲೋಡು ಶಕ್ತಿಯನ್ನು ತಿನ್ನುವುದಿಲ್ಲ. ಖಾಲಿ ಗಾಡಿಯ ಎಂಜಿನ್ ಕೂಡ ಆ ಎತ್ತರದಲ್ಲಿ ಅಷ್ಟೇ ಶಕ್ತಿ ಕಳೆದುಕೊಂಡಿರುತ್ತದೆ. ಅದಕ್ಕೆ ಬೇಕಾದದ್ದು ಕಡಿಮೆಯಾದ್ದರಿಂದ ಕೊರತೆ ಗೊತ್ತಾಗುವುದಿಲ್ಲ, ಅಷ್ಟೇ. ಎತ್ತರ ಕದ್ದದ್ದನ್ನು ಹೊರೆ ಬಯಲು ಮಾಡುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಎಷ್ಟು ಹೇರಬೇಕು, ಹೇಗೆ ಓಡಿಸಬೇಕು, ತಪ್ಪು ಯಾರ ಮೇಲೆ ಹೊರಿಸಬೇಕು ಎಂಬ ಮೂರೂ ಪ್ರಶ್ನೆಗೆ ಉತ್ತರ ಬೇರೆಯಾಗುತ್ತದೆ.

ಎಂಜಿನ್ನಿಗೆ ಡೀಸೆಲ್ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ತೂಕದ ಲೆಕ್ಕ ಹಿಡಿದರೆ ಗಾಳಿಯ ಪಾಲೇ ದೊಡ್ಡದು. ಒಂದು ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆ.ಜಿ. ಗಾಳಿ ಬೇಕು. ಕಪ್ಪು ಹೊಗೆ ಬರದಂತೆ ಚೊಕ್ಕಟವಾಗಿ ಉರಿಯಬೇಕಾದರೆ ಇನ್ನೂ ಹೆಚ್ಚು. ಡೀಸೆಲ್ಲನ್ನು ಟ್ಯಾಂಕಿನಲ್ಲಿ ಕೊಂಡೊಯ್ಯಬಹುದು, ಗಾಳಿಯನ್ನು ಮಾತ್ರ ನಿಂತ ಜಾಗದಲ್ಲೇ ಎಳೆದುಕೊಳ್ಳಬೇಕು.

ಎತ್ತರದಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಮಾತು ಅರ್ಧ ಮಾತ್ರ ಸರಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಮಲ್ಪೆಯಲ್ಲೂ ಶೇ 21, ಲಡಾಖಿನ ಕಣಿವೆಯ ನೆತ್ತಿಯಲ್ಲೂ ಶೇ 21. ಕಡಿಮೆಯಾಗುವುದು ಒಟ್ಟು ಗಾಳಿಯೇ. ನಮ್ಮ ತಲೆಯ ಮೇಲಿರುವ ವಾಯುಮಂಡಲದ ಭಾರವೇ ಕೆಳಗಿನ ಗಾಳಿಯನ್ನು ಒತ್ತಿ ಗಟ್ಟಿ ಮಾಡುತ್ತದೆ. ಮೇಲೇರಿದಂತೆ ಆ ಭಾರ ಇಳಿಯುತ್ತದೆ, ಗಾಳಿ ಹರಡಿಕೊಳ್ಳುತ್ತದೆ. ಸಿಲಿಂಡರ್ ಎಂಬುದು ಸೇರಿನಂತೆ ಒಂದು ಅಳತೆಯ ಪಾತ್ರೆ. ಸೇರು ಅದೇ, ತುಂಬುವ ಸಲವೂ ಅಷ್ಟೇ, ಆದರೆ ಪ್ರತಿ ಸಲ ಒಳಗೆ ಬೀಳುವ ಕಾಳು ಕಡಿಮೆ.

ಎಷ್ಟು ಕಡಿಮೆ? ಕಡಲ ಮಟ್ಟದಲ್ಲಿ ವಾಯುಭಾರ ಸುಮಾರು 1,013 ಮಿಲಿಬಾರ್. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 910ರ ಆಸುಪಾಸು. ಅಂದರೆ ಬೆಂಗಳೂರಿನಲ್ಲಿ ಓಡುವ ಪ್ರತಿ ಎಂಜಿನ್ನೂ ಮಂಗಳೂರಿನಲ್ಲಿ ಸಿಗುವುದಕ್ಕಿಂತ ಶೇ 10ರಷ್ಟು ತೆಳು ಗಾಳಿಯನ್ನು ಈಗಾಗಲೇ ಉಸಿರಾಡುತ್ತಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯಲ್ಲಿ 800. ಲೇಹ್ ಪಟ್ಟಣದಲ್ಲಿ, ಅಂದರೆ 3,500 ಮೀಟರಿನಲ್ಲಿ, 660. ಮನಾಲಿ–ಲೇಹ್ ದಾರಿಯ ಅತಿ ಎತ್ತರದ ಕಣಿವೆಯಾದ ತಂಗ್ಲಂಗ್ ಲಾದಲ್ಲಿ, 5,328 ಮೀಟರಿನಲ್ಲಿ, 520ರ ಸುತ್ತಮುತ್ತ. ಅರ್ಧ! ಅಲ್ಲಿನ ಚಳಿ ಗಾಳಿಯನ್ನು ತುಸು ಗಟ್ಟಿ ಮಾಡುವುದರಿಂದ ಸಾಂದ್ರತೆಯ ಲೆಕ್ಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಕಡಲ ದಂಡೆಯಲ್ಲಿ ಒಂದು ಘನ ಮೀಟರ್ ಗಾಳಿ 1.2 ಕೆ.ಜಿ. ತೂಗಿದರೆ ಅಲ್ಲಿ 0.7 ಕೆ.ಜಿ. ಹತ್ತಿರ ತೂಗುತ್ತದೆ.

ಈಗ ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ಎರಡೂವರೆ ಲೀಟರಿನ ಡೀಸೆಲ್ ಪಿಕಪ್ಪನ್ನೇ ತೆಗೆದುಕೊಳ್ಳೋಣ. ಟರ್ಬೊದ ಮಾತು ಸದ್ಯಕ್ಕೆ ಬದಿಗಿರಲಿ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆ ಎಲ್ಲ ಸಿಲಿಂಡರ್‌ಗಳೂ ತುಂಬುವುದರಿಂದ, ನಿಮಿಷಕ್ಕೆ 2,500 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಮಂಗಳೂರಿನಲ್ಲಿ ಅದರ ತೂಕ 3 ಕೆ.ಜಿ. ತಂಗ್ಲಂಗ್ ಲಾದಲ್ಲಿ ಅಷ್ಟೇ ಲೀಟರ್ ಗಾಳಿ 1.75 ಕೆ.ಜಿ. ಗಾಳಿ ಶೇ 40ರಷ್ಟು ಕಡಿಮೆಯಾದರೆ ಉರಿಸಬಹುದಾದ ಡೀಸೆಲ್ಲೂ ಅಷ್ಟೇ ಕಡಿಮೆ. ಶಕ್ತಿಯೂ ಅದರ ಹಿಂದೆಯೇ ಇಳಿಯುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬ ಮೆಕ್ಯಾನಿಕರ ಲೆಕ್ಕ ಬಂದದ್ದು ಹೀಗೆ.

ಅತ್ತ ಗುಡ್ಡ ತನ್ನ ಬಾಕಿಯನ್ನು ಒಂದು ಪೈಸೆಯೂ ಬಿಡುವುದಿಲ್ಲ. ಗಾಡಿ, ಸರಕು ಎಲ್ಲ ಸೇರಿ ಮೂರು ಟನ್. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಲು ಬರೀ ಗುರುತ್ವದ ಎದುರೇ 15 ಅಶ್ವಶಕ್ತಿ ಬೇಕು. ಜಲ್ಲಿ ಎದ್ದ ಕಚ್ಚಾ ರಸ್ತೆಯಾದರೆ ಚಕ್ರ ಉರುಳಿಸಲು ಇನ್ನೊಂದು ಐದಾರು. ಒಟ್ಟು 20 ದಾಟಿತು. 40 ಕಿ.ಮೀ. ವೇಗ ಬೇಕೆಂದರೆ 40ಕ್ಕೂ ಮೇಲೆ. ಗಾಡಿಯ ಮೇಲೆ ಬರೆದಿರುವುದು 75 ಅಶ್ವಶಕ್ತಿ ಎಂದಿಟ್ಟುಕೊಳ್ಳಿ. ಎತ್ತರ ಅದರಲ್ಲಿ ಅರ್ಧ ಕಿತ್ತುಕೊಂಡು, ಗೇರ್ ಬಾಕ್ಸ್, ಆಕ್ಸಲ್‌ಗಳು ತಮ್ಮ ಪಾಲು ಕಳೆದ ಮೇಲೆ ಚಕ್ರಕ್ಕೆ ಸಿಗುವುದು 35ರ ಒಳಗೆ. ಖಾಲಿ ಗಾಡಿಗೆ 40 ಕಿ.ಮೀ. ವೇಗದಲ್ಲಿ ಬೇಕಾದದ್ದು 22 ಅಶ್ವಶಕ್ತಿ ಮಾತ್ರ, ಹಾಗಾಗಿ ಅದು ಆರಾಮವಾಗಿ ಹತ್ತುತ್ತದೆ. ಲೋಡಾದ ಗಾಡಿ ಆ ವೇಗ ಮುಟ್ಟಲಾರದು. ಬಯಲಿನಲ್ಲಿ ಎರಡಕ್ಕೂ ಬೇಕಾದಷ್ಟು ಮಿಕ್ಕಿರುತ್ತಿತ್ತು. ಇಲ್ಲಿ ಒಂದಕ್ಕೆ ಮಿಗುತ್ತದೆ, ಇನ್ನೊಂದಕ್ಕೆ ಸಾಲುವುದಿಲ್ಲ.

ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತಿಳಿದು ಪಳಗಿದ ನಮ್ಮ ಡ್ರೈವರ್‌ಗಳಿಗೆ ಇದು ಅನುಭವಕ್ಕೆ ಬಂದಿರುವುದಿಲ್ಲ. ಘಾಟಿಯ ಬುಡ ಬಿಟ್ಟು ಸಕಲೇಶಪುರ ಸೇರುವಾಗ ಎಂಜಿನ್ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಗಾಳಿ ಕಳೆದುಕೊಂಡಿರುತ್ತದೆ, ನಿಜ. ಆದರೆ ಅದು ಮಿಗತೆಯೊಳಗೇ ಮುಗಿದುಹೋಗುತ್ತದೆ. ಸಹ್ಯಾದ್ರಿಯ ಕಷ್ಟ ಕಡಿದಾದ ಏರಿನದು, ತಿರುವಿನದು, ಮಳೆಯದು. ಹಿಮಾಲಯದಲ್ಲಿ ಇವೆಲ್ಲದರ ಜೊತೆಗೆ ಎಂಜಿನ್ನಿನ ಉಸಿರಿಗೇ ಕುತ್ತು. ಬೆಂಗಳೂರಿನಿಂದ ಬೈಕ್ ಏರಿ ಲಡಾಖಿಗೆ ಹೋಗುವ ಹುಡುಗರು, ಅದರಲ್ಲೂ ಹಳೆಯ ಕಾರ್ಬ್ಯುರೇಟರ್ ಬುಲೆಟ್‌ನವರು, ಇದನ್ನು ಚೆನ್ನಾಗಿ ಬಲ್ಲರು.

ಇನ್ನು ಗಾಡಿಯ ಕರಪತ್ರದಲ್ಲಿರುವ ಅಶ್ವಶಕ್ತಿ. ಎಂಜಿನ್ನನ್ನು ಎಲ್ಲೇ ಪರೀಕ್ಷಿಸಿದರೂ ಬಂದ ಅಂಕಿಯನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಹೆಚ್ಚೂಕಡಿಮೆ ಕಡಲ ಮಟ್ಟದ ವಾಯುಭಾರಕ್ಕೆ ಹೊಂದಿಸಿ ಬರೆಯುವುದು ಅಂತರರಾಷ್ಟ್ರೀಯ ಪದ್ಧತಿ. ಹೋಲಿಕೆಗೆ ಅದು ಬೇಕು, ತಪ್ಪೇನಿಲ್ಲ. ಆದರೆ ಆ ಅಂಕಿ ಕರಾವಳಿಯ ಅಂಕಿ. ಅದನ್ನೇ ನಂಬಿ ಹದಿನೇಳು ಸಾವಿರ ಅಡಿಗೆ ಸರಕು ಹೇರುವುದು ಅಪಾಯಕ್ಕೆ ದಾರಿ.

ಟರ್ಬೊ ಇದೆಯಲ್ಲ ಎಂದು ಕೇಳಬಹುದು. ಇದೆ, ಮತ್ತು ಅದು ಬೆಳೆದದ್ದೇ ಎತ್ತರದ ಜೊತೆ ಸೆಣಸುತ್ತಾ. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿ ಒತ್ತಿ ಒಳಗೆ ಕಳಿಸುವ ಈ ಉಪಾಯಕ್ಕೆ ಸ್ವಿಟ್ಜರ್‌ಲ್ಯಾಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಮೇಲೇರಿದಂತೆ ಸೊರಗುವುದು ದೊಡ್ಡ ತಲೆನೋವಾಯಿತು. 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಒಂದು ಟ್ರಕ್ಕಿನ ಮೇಲೆ ಕಟ್ಟಿ ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, 4,300 ಮೀಟರಿಗೆ, ಹತ್ತಿಸಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಶಿಖರದಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ ಮತ್ತೆ 350 ದಾಟಿತು. ವಿಮಾನದ ಎಂಜಿನ್ನನ್ನು ನೆಲದ ಮೇಲೆಯೇ, ಬೆಟ್ಟ ಹತ್ತಿಸಿ ಪರೀಕ್ಷಿಸಬಹುದೆಂಬ ಮಾಸ್‌ನ ಯೋಚನೆ ನನಗೆ ಟರ್ಬೊದಷ್ಟೇ ಮೆಚ್ಚುಗೆಯಾಗುತ್ತದೆ.

ಆದರೆ ಪಿಕಪ್ಪಿನ ಪುಟ್ಟ ಟರ್ಬೊಗೆ ಒಂದು ಮಿತಿಯಿದೆ. ಕಡಲ ಮಟ್ಟದಲ್ಲಿ ಒಂದು ಬಾರ್ ಗಾಳಿಯನ್ನು ಎರಡು ಬಾರ್‌ಗೆ ಒತ್ತಲು ಎರಡು ಪಟ್ಟು ಒತ್ತಿದರೆ ಸಾಕು. ಹೊರಗಿನ ಗಾಳಿಯೇ ಅರ್ಧ ಬಾರ್ ಇರುವಲ್ಲಿ ಅದೇ ಎರಡು ಬಾರ್ ಬೇಕೆಂದರೆ ಹತ್ತಿರ ಹತ್ತಿರ ನಾಲ್ಕು ಪಟ್ಟು ಒತ್ತಬೇಕು. ಅದಕ್ಕೆ ಟರ್ಬೊ ಅಚ್ಚು ತಾಳಲಾಗದಷ್ಟು ವೇಗವಾಗಿ ತಿರುಗಬೇಕಾಗುತ್ತದೆ. ಜೋರಾಗಿ ಒತ್ತಿದಷ್ಟೂ ಗಾಳಿ ಕಾಯುತ್ತದೆ, ಕಾದ ಗಾಳಿ ಮತ್ತೆ ಹಿಗ್ಗುತ್ತದೆ. ಅದನ್ನು ತಣಿಸಬೇಕಾದ ಇಂಟರ್‌ಕೂಲರಿಗೂ ಹೊರಗಿನಿಂದ ಸಿಗುವುದು ಅದೇ ತೆಳು ಗಾಳಿ. ಹೀಗಾಗಿ ಟರ್ಬೊ ಇರುವ ಗಾಡಿ ಒಂದು ಎತ್ತರದವರೆಗೆ ನಷ್ಟವನ್ನು ಬಹುಪಾಲು ತುಂಬಿಕೊಡುತ್ತದೆ, ಆಮೇಲೆ ಕೈಚೆಲ್ಲುತ್ತದೆ. ಮನಾಲಿಯವರೆಗೆ ಏನೂ ಗೊತ್ತಾಗದೆ, ಅದರಾಚೆಯ ಬಾರಾಲಾಚಾ ಲಾ ಕಣಿವೆ ಹತ್ತುವಾಗ ಗಾಡಿ ದಿಢೀರನೆ ಸುಸ್ತಾದಂತೆ ಅನಿಸುವುದಕ್ಕೆ ಇದೇ ಕಾರಣ.

ಹಳೆಯ ಗಾಡಿಗಳಲ್ಲಿ ಡೀಸೆಲ್ ಪಂಪಿಗೆ ಎತ್ತರದ ಅರಿವೇ ಇರಲಿಲ್ಲ. ಗಾಳಿ ಕಡಿಮೆಯಾದರೂ ಅದು ಎಂದಿನಷ್ಟೇ ಡೀಸೆಲ್ ಸುರಿಯುತ್ತಿತ್ತು. ಉರಿಯದೆ ಉಳಿದದ್ದು ಕಡುಗಪ್ಪು ಹೊಗೆಯಾಗಿ ಹೊರಬೀಳುತ್ತಿತ್ತು, ಎಂಜಿನ್ ವಿಪರೀತ ಕಾಯುತ್ತಿತ್ತು. ಈಗಿನ ಬಿಎಸ್6 ಗಾಡಿಗಳಲ್ಲಿ ವಾಯುಭಾರ ಅಳೆಯುವ ಸೆನ್ಸರ್ ಇದೆ. ಗಾಳಿ ತೆಳುವಾದದ್ದು ಗೊತ್ತಾದೊಡನೆ ಕಂಪ್ಯೂಟರ್ ಡೀಸೆಲ್ ಕಡಿತ ಮಾಡುತ್ತದೆ. ಹೊಗೆ ಇಲ್ಲ, ಟರ್ಬೊ ಸುರಕ್ಷಿತ, ಆದರೆ ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಕೇಳುವುದಿಲ್ಲ. ಹೊಸ ಗಾಡಿ ತೆಗೆದುಕೊಂಡವರು ಇದನ್ನು ದೋಷವೆಂದು ತಿಳಿದು ಸರ್ವಿಸ್ ಸೆಂಟರಿಗೆ ಅಲೆಯುತ್ತಾರೆ. ಎಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ, ಅಷ್ಟೇ.

ಎಲ್ಲಕ್ಕಿಂತ ಕಷ್ಟದ ಗಳಿಗೆಯೆಂದರೆ ನಿಂತ ಗಾಡಿಯನ್ನು ಕದಲಿಸುವುದು. ಟರ್ಬೊ ತಿರುಗಬೇಕಾದರೆ ಹೊಗೆಯ ರಭಸ ಬೇಕು. ತಿರುವಿನಲ್ಲಿ ನಿಂತಾಗ ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತಿಗೆ ಇಳಿದಿರುತ್ತದೆ, ಹೊಗೆಯಲ್ಲಿ ಕಸುವಿಲ್ಲ. ಆ ಹೊತ್ತಿನಲ್ಲಿ ಟರ್ಬೊ ಇದ್ದೂ ಇಲ್ಲದಂತೆ. ಮೂರು ಟನ್ ಭಾರವನ್ನು ಏರಿನಲ್ಲಿ ಹಿಡಿದಿಟ್ಟು, ಅರ್ಧ ಕ್ಲಚ್‌ನಲ್ಲಿ ಎಂಜಿನ್ ಮೊರೆಸಿ, ಟರ್ಬೊ ಎಚ್ಚರಗೊಳ್ಳುವವರೆಗೆ ಡ್ರೈವರ್ ಕಾಯಬೇಕು. ಆ ಕೆಲವು ಸೆಕೆಂಡುಗಳಲ್ಲಿ ಸವೆಯುವ ಕ್ಲಚ್ ಪ್ಲೇಟು ಬಯಲಿನಲ್ಲಿ ಎಷ್ಟೋ ದಿನ ಬಾಳುವಂಥದ್ದು. ಅನುಭವಸ್ಥರು ತಿರುವು ಬರುವ ಮೊದಲೇ ಗೇರ್ ಇಳಿಸಿ, ಎಂಜಿನ್ ಸುತ್ತು 2,000ದ ಕೆಳಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಮೇಲಿನಿಂದ ಗಾಡಿ ಬರುವುದು ಕಂಡರೆ ಸಮನಾದ ಜಾಗದಲ್ಲೇ ನಿಂತು ದಾರಿ ಬಿಡುತ್ತಾರೆ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಎಂಬ ಬೆಟ್ಟದ ರಸ್ತೆಯ ನಿಯಮದ ಬೆಲೆ ಗೊತ್ತಾಗುವುದು ಇಲ್ಲೇ. ಕಾರಿನಲ್ಲಿ ಪ್ರವಾಸ ಹೋಗುವವರು ಇದೊಂದನ್ನು ಪಾಲಿಸಿದರೂ ಎಷ್ಟೋ ಕ್ಲಚ್‌ಗಳು ಉಳಿಯುತ್ತವೆ.

ಬಿಸಿಯ ಸಮಸ್ಯೆಯೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಹೊರಗೆ ಮೈ ಕೊರೆಯುವ ಚಳಿ, ಒಳಗೆ ರೇಡಿಯೇಟರ್ ಕುದಿ. ಗಾಡಿ ನಿಧಾನ, ಗೇರ್ ಕೆಳಗಿನದು, ಫ್ಯಾನ್ ಎಳೆಯುವ ಗಾಳಿ ತೆಳು, ಹೊತ್ತೊಯ್ಯುವ ಶಾಖ ಕಡಿಮೆ. ಜೊತೆಗೆ ತಂಗ್ಲಂಗ್ ಲಾದಲ್ಲಿ ತೆರೆದ ಪಾತ್ರೆಯ ನೀರು 83 ಡಿಗ್ರಿ ಹತ್ತಿರವೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಡುತ್ತದಾದರೂ, ಹೊರಗಿನ ವಾಯುಭಾರ ಇಳಿದಷ್ಟು ಒಳಗಿನ ಒತ್ತಡವೂ ಇಳಿದು, ಕೆಳಗೆ 120 ಡಿಗ್ರಿಗೆ ಕುದಿಯಬೇಕಾದ್ದು ಅಲ್ಲಿ 110 ದಾಟುತ್ತಲೇ ಕುದಿಯತೊಡಗುತ್ತದೆ. ಮುಚ್ಚಳದ ರಬ್ಬರು ಹಳೆಯದಾಗಿದ್ದರೆ ಇನ್ನೂ ಬೇಗ. ಹೊರಡುವ ಮುನ್ನ ಈ ಅಗ್ಗದ ಮುಚ್ಚಳ ಬದಲಿಸುವುದು, ಧೂಳು ತಿಂದ ಏರ್ ಫಿಲ್ಟರ್ ಕೊಡವುವುದು ಸಣ್ಣ ಕೆಲಸಗಳು, ಫಲ ದೊಡ್ಡದು.

ಹತ್ತಿದ ಮೇಲೆ ಇಳಿಯಬೇಕು. ಅಲ್ಲಿರುವ ಅಪಾಯದ ಬಗ್ಗೆ ಡ್ರೈವರ್‌ಗಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಪಿಕಪ್ಪಿನ ಬ್ರೇಕ್ ಪೆಡಲ್ ಹಗುರವಾಗಿರುವುದು ವ್ಯಾಕ್ಯೂಮ್ ಬೂಸ್ಟರ್‌ನಿಂದ. ಅದರ ಒಂದು ಬದಿಯಲ್ಲಿ ಗಾಳಿ ತೆಗೆದು, ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗಿದಾಗ ಉಂಟಾಗುವ ಒತ್ತಡವೇ ಪಾದಕ್ಕೆ ನೆರವು. ಹೊರಗಿನ ಗಾಳಿಯ ಭಾರವೇ ಅರ್ಧವಾದರೆ ನೆರವೂ ಹೆಚ್ಚುಕಡಿಮೆ ಅರ್ಧ. ಪೆಡಲ್ ಗಟ್ಟಿಯಾಗುತ್ತದೆ, ಎಂದಿನಂತೆ ತುಳಿದರೆ ಗಾಡಿ ಎಂದಿನಂತೆ ನಿಲ್ಲುವುದಿಲ್ಲ. ಏರಿನಲ್ಲಿ ಹೆಚ್ಚುವರಿ ಹೊರೆ ಮರ್ಯಾದೆ ಕಳೆಯುತ್ತದೆ, ಇಳಿಜಾರಿನಲ್ಲಿ ಅದೇ ಹೊರೆ ಜೀವ ಕಳೆಯಬಲ್ಲದು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳಬರ ಮಾತನ್ನು ಅಲ್ಲಿ ಅಕ್ಷರಶಃ ಪಾಲಿಸಬೇಕು.

ಆ ದಾರಿಯ ಡ್ರೈವರ್‌ಗಳು ಬೆಳಗಿನ ಜಾವವೇ ಹೊರಡುವುದಕ್ಕೆ ಹೇಳುವ ಕಾರಣ ಹಳ್ಳಗಳು. ಬಿಸಿಲೇರಿದಂತೆ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ರಸ್ತೆಗೆ ಅಡ್ಡ ಹರಿಯುವ ನೀರು ಉಕ್ಕುತ್ತದೆ. ಎಂಜಿನ್ನಿಗೂ ಇದರಿಂದ ಒಂದು ಲಾಭ ಇದೆ. ಸೊನ್ನೆ ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇ 7ರಷ್ಟು ಸಾಂದ್ರ. ಬೆಳಿಗ್ಗೆ ಹತ್ತುವ ಗಾಡಿಗೆ ಕಣಿವೆ ಆರುನೂರು ಮೀಟರಿನಷ್ಟು ತಗ್ಗಿದ ಹಾಗೆ.

ರಸ್ತೆ ಕಟ್ಟುವವರ ಬಳಿ ಇರುವ ಮದ್ದು ಸುರಂಗ. 2020ರ ಅಕ್ಟೋಬರ್‌ನಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗ, 3,978 ಮೀಟರಿನ ರೋಹ್ತಾಂಗ್ ಹತ್ತುವುದನ್ನು ತಪ್ಪಿಸಿ ಗಾಡಿಗಳನ್ನು ಸುಮಾರು 3,100 ಮೀಟರಿನಲ್ಲೇ ಆಚೆ ದಾಟಿಸುತ್ತದೆ. ಲೋಡ್ ಗಾಡಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಶಿಂಕು ಲಾ ಕೆಳಗೆ ಕೊರೆಯುತ್ತಿರುವ ಸುರಂಗ ಮಾತ್ರ 15,800 ಅಡಿ ಎತ್ತರದಲ್ಲೇ ಇರಲಿದೆ. ಹಿಮದ ಕಾಟ ತಪ್ಪೀತು, ಗಾಳಿಯ ಬರ ತಪ್ಪದು. ಶ್ರೀನಗರದ ಕಡೆಯ ದಾರಿಯಲ್ಲಿ ಅತಿ ಎತ್ತರದ ಫೋಟು ಲಾ ಕೂಡ 4,108 ಮೀಟರ್ ಮಾತ್ರ. ಜೋಜಿ ಲಾ ರಸ್ತೆ ಎಷ್ಟೇ ಭಯಂಕರವಾಗಿದ್ದರೂ ಎಂಜಿನ್ನಿಗೆ ಆ ದಾರಿ ಹಿತ.

ವಿದ್ಯುತ್ ಮೋಟಾರಿಗೆ ಗಾಳಿಯ ಹಂಗಿಲ್ಲ. 2018ರಲ್ಲಿ ಫೋಕ್ಸ್‌ವ್ಯಾಗನ್‌ನ ವಿದ್ಯುತ್ ಕಾರು ಅದೇ ಪೈಕ್ಸ್ ಪೀಕ್ ರೇಸನ್ನು 7 ನಿಮಿಷ 57 ಸೆಕೆಂಡಿನಲ್ಲಿ ಮುಗಿಸಿ ಎಲ್ಲ ದಾಖಲೆ ಮುರಿಯಿತು. ಸರಕಿನ ಗಾಡಿಗೆ ಬ್ಯಾಟರಿಯ ತೂಕ ಮತ್ತು ಲಡಾಖಿನ ಚಳಿ ಬೇರೆಯೇ ಲೆಕ್ಕ ಒಡ್ಡುತ್ತವೆ. ಲೇಹ್‌ನ ಹೈಡ್ರೋಜನ್ ಬಸ್ಸುಗಳಿಗೆ ಆಮ್ಲಜನಕ ಹೊರಗಿನ ಗಾಳಿಯಿಂದಲೇ ಬರಬೇಕು, ಹಾಗಾಗಿ ಅವೂ ಎತ್ತರದ ಋಣದಿಂದ ಪೂರ್ತಿ ಬಿಡುಗಡೆ ಪಡೆದಿಲ್ಲ.

ಇಂಥ ಗಾಡಿಗಳು ಸರಕು ಹೊರಲು ಬರುವವರೆಗೆ ನಮ್ಮ ಕೈಯಲ್ಲಿರುವುದು ಹೊರೆ ಇಳಿಸುವುದೊಂದೇ. ಕೊಲರಾಡೊದಲ್ಲಿ 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗಕ್ಕೆ ಟ್ರೇಲರ್ ಎಳೆದುಕೊಂಡು ಹೋಗುವ ಪಿಕಪ್‌ಗಳ ನಾಡಿನಲ್ಲಿ, ಫೋರ್ಡ್ ಕಂಪನಿಯ ಕೈಪಿಡಿ ಒಂದು ಸರಳ ಸೂತ್ರ ಕೊಡುತ್ತದೆ: ಸಾವಿರ ಅಡಿಯಿಂದ ಶುರುಮಾಡಿ ಪ್ರತಿ ಸಾವಿರ ಅಡಿಗೆ ಗಾಡಿಯ ಒಟ್ಟು ತೂಕದಲ್ಲಿ ಶೇ 2 ಕಡಿಮೆ ಮಾಡಿ. ಪೆಟ್ರೋಲ್ ಎಂಜಿನ್ನಿನ ನಷ್ಟವನ್ನು ನೆನೆದು ಹೇಳಿದ ಸೂತ್ರವಾದ್ದರಿಂದ ನಮ್ಮ ಟರ್ಬೊ ಡೀಸೆಲ್‌ಗೆ ಚಾಚೂತಪ್ಪದೆ ಹೊಂದದು. ಆದರೂ ಹಾಕಿ ನೋಡಿ. ಒಟ್ಟು ಮೂರು ಟನ್ ಅನುಮತಿ ಇರುವ ಪಿಕಪ್ಪಿಗೆ 17,000 ಅಡಿಯಲ್ಲಿ ಶೇ 34 ಕಳೆದರೆ ಉಳಿಯುವುದು 1,980 ಕೆ.ಜಿ. ಗಾಡಿಯದೇ ತೂಕ 1,600 ಕೆ.ಜಿ. ಎಂದರೆ ಸರಕಿಗೆ 380 ಕೆ.ಜಿ. ಮಾತ್ರ! ಆರ್‌ಸಿ ಬುಕ್ಕಿನ ಲೆಕ್ಕದಲ್ಲಿ ಅದೇ ಗಾಡಿ 1,400 ಕೆ.ಜಿ. ಹೊರಬಹುದು. ಸತ್ಯ ಈ ಎರಡರ ನಡುವೆ ಎಲ್ಲೋ ಇದೆ. ಆದರೆ 1,400ರ ಮೇಲೆ ಇನ್ನೆರಡು ಮೂಟೆ ಎಸೆಯುವವರು ನಿಂತಿರುವುದು ಆ ನಡುವಿನಿಂದ ಬಲು ದೂರದಲ್ಲಿ.

ಬಾಡಿಗೆ ತೂಕದ ಮೇಲೆ ನಿಗದಿಯಾಗುತ್ತಿರುವಷ್ಟು ಕಾಲ ಡ್ರೈವರ್ ಒಬ್ಬನೇ ಹೊರೆ ಕಡಿಮೆ ಮಾಡಲಾರ. ಮಾಲೀಕ, ಮಂಡಿಯ ವ್ಯಾಪಾರಿ, ಸರ್ಕಾರ ಸೇರಿ ಮಾಡಬೇಕಾದ ಕೆಲಸ ಇದು. ಆರ್‌ಸಿ ಬುಕ್ಕಿನಲ್ಲಿ ಬಯಲಿಗೊಂದು, ಎತ್ತರಕ್ಕೊಂದು ಎಂದು ಎರಡು ತೂಕ ಬರೆಯುವುದರಲ್ಲಿ ಅಸಾಧ್ಯವಾದದ್ದೇನೂ ನನಗೆ ಕಾಣುವುದಿಲ್ಲ. ಬಾರಾಲಾಚಾ ಲಾ ಏರು ಶುರುವಾಗುವ ಮುನ್ನ ದಾರ್ಚಾದಲ್ಲಿ ಪೊಲೀಸ್ ಚೆಕ್‌ಪೋಸ್ಟ್ ಇದೆ. ಗಾಡಿ ನಿಲ್ಲಿಸಿ ವಿವರ ಬರೆಸಿಕೊಂಡೇ ಮುಂದೆ ಬಿಡುತ್ತಾರೆ. ಒಂದು ವೇಬ್ರಿಡ್ಜ್ ಹಾಕಲು ಅದಕ್ಕಿಂತ ತಕ್ಕ ಜಾಗ ಆ ದಾರಿಯಲ್ಲಿ ಇನ್ನೊಂದಿಲ್ಲ.